ಅಂಗಳದಲ್ಲಿ ನೆಟ್ಟ ಫಲಕ: ಮಕ್ಕಳ ಕಾರ್ಟೂನಿನ ಒಂದು ಕಂತಿನ ಗುಣದೋಷ ವಿಚಾರ

ಹೆಣ್ಣುಮಕ್ಕಳ ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಕಾರ್ಟೂನಿನ ಮಾತೇಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ನಮ್ಮ ಉತ್ತರವು ಸುಲಭವಾದದ್ದು. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಈಗ ತಾಯಂದಿರು, ಕೆಲವರು ಅಜ್ಜಿಯರು. ಅವರ ಮನೆಗಳಲ್ಲಿ ಸಾಯಂಕಾಲದ ಹೊತ್ತು ಮಕ್ಕಳು ಯಾರ ಕಥೆಯನ್ನು ಕೇಳುತ್ತ ಕುಳಿತಿರುವರು ಎಂದು ವಿಚಾರಿಸಿದರೆ, ಅಜ್ಜಿಯ ಕಥೆಯನ್ನು ಎಂದು ಹೇಳುವ ಧೈರ್ಯವು ನಮಗಿಲ್ಲ. ಪುಸ್ತಕವಾದರೆ ನಾಲ್ಕು ಪುಟ ತಿರುವಿ ನೋಡದೆ ಮಗುವಿನ ಕೈಗೆ ಕೊಡದ ತಾಯಿಯು, ಪರದೆಯನ್ನು ಮಾತ್ರ ಮಗುವಿನ ಮುಂದಿಟ್ಟು ಅಡಿಗೆಮನೆಗೆ ನಡೆದುಬಿಡುತ್ತಾಳೆ. ನಾವು ಆಕೆಯನ್ನು ದೂಷಿಸುವದಿಲ್ಲ. ಒಲೆಯ ಮೇಲಿನ ಹಾಲು ಯಾರಿಗಾಗಿಯೂ ಕಾಯುವದಿಲ್ಲ. ಆದರೂ ಪುಸ್ತಕಕ್ಕೆ ನಾವು ಸಲ್ಲಿಸುವ ವಿಚಾರಣೆಯನ್ನು ಈ ಚಿತ್ರಕಥೆಗಳಿಗೂ ಸಲ್ಲಿಸತಕ್ಕದ್ದು ನ್ಯಾಯವಷ್ಟೆ. ಅಂಥ ವಿಚಾರಣೆಗೆ ತಕ್ಕ ಒಂದು ಕಂತು ನಮ್ಮ ಕಣ್ಣಿಗೆ ಬಿದ್ದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಆಸ್ಟ್ರೇಲಿಯ ದೇಶದ ಬ್ರಿಸ್ಬೇನ್ ನಗರದಲ್ಲಿ ಲೂಡೊ ಸ್ಟುಡಿಯೋ ಎಂಬ ಸಂಸ್ಥೆಯವರು ‘ಬ್ಲೂಯಿ’ ಎಂಬ ಹೆಸರಿನ ಕಾರ್ಟೂನು ಸರಣಿಯನ್ನು ತಯಾರಿಸಿದ್ದಾರೆ. ಜೋ ಬ್ರಮ್ ಎಂಬವರು ಅದರ ಕರ್ತೃಗಳು. 2018ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಅದು ಆ ದೇಶದ ಸಾರ್ವಜನಿಕ ದೂರದರ್ಶನದಲ್ಲಿ ಮೊದಲು ತೋರಿತು; ಅನಂತರ ಅನೇಕ ದೇಶಗಳ ಮಕ್ಕಳನ್ನು ಮುಟ್ಟಿತು, ನಮ್ಮ ದೇಶದ ಮಕ್ಕಳನ್ನೂ ಮುಟ್ಟಿತು. ಹೀಲರ್ ಎಂಬ ಒಂದು ಕುಟುಂಬ: ತಂದೆ ಬ್ಯಾಂಡಿಟ್, ತಾಯಿ ಚಿಲ್ಲಿ, ಹಿರಿಯ ಮಗಳು ಬ್ಲೂಯಿ, ಕಿರಿಯಳು ಬಿಂಗೊ. ನಾಲ್ವರೂ ನಾಯಿಗಳು. ಎರಡು ಕಾಲಿನ ಮೇಲೆ ನಡೆಯುತ್ತಾರೆ, ಕಾರು ನಡಿಸುತ್ತಾರೆ, ಸಾಲ ತೀರಿಸುತ್ತಾರೆ, ದಣಿಯುತ್ತಾರೆ. ನಾಯಿಗಳಿಂದ ನಮ್ಮ ಮಕ್ಕಳು ಏನು ಕಲಿತಾರು ಎಂದು ಮೂಗು ಮುರಿಯುವ ಹಿರಿಯರಿದ್ದರೆ, ಅವರಿಗೆ ಒಂದು ಮಾತು: ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದು, ನರಿಗಳ ಬಾಯಿಂದ ರಾಜನೀತಿಯನ್ನು ಹೇಳಿಸಿದನು. ನರಿಗೆ ಸಲ್ಲುವದು ನಾಯಿಗೂ ಸಲ್ಲಲಿ.

ಈ ಸರಣಿಯ ಕಂತುಗಳು ಸಾಮಾನ್ಯವಾಗಿ ಏಳು ನಿಮಿಷದವು. ನಾವು ಹೇಳಹೊರಟ ಕಂತು ಮಾತ್ರ ಇಪ್ಪತ್ತೆಂಟು ನಿಮಿಷದ್ದು. 2024ನೆಯ ಇಸವಿ ಏಪ್ರಿಲ್ 14ರಂದು ಅದು ಪ್ರಸಾರವಾಯಿತು. ಅದರ ಹೆಸರು ‘ದಿ ಸೈನ್’, ಅಂದರೆ ಫಲಕ. ಯಾವ ಫಲಕವೆಂದರೆ, ಹೀಲರ್ ಕುಟುಂಬದ ಮನೆಯ ಮುಂದೆ ನೆಟ್ಟಿರುವ ‘ಮನೆ ಮಾರಾಟಕ್ಕಿದೆ’ ಎಂಬ ಫಲಕ.

ಆ ಮನೆಯ ಮಾತನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಬ್ರಿಸ್ಬೇನಿನ ಸೀಮೆಯಲ್ಲಿ ಹಳೆಯ ಕಾಲದಿಂದ ಕಟ್ಟುತ್ತ ಬಂದ ಮರದ ಮನೆಗಳಿವೆ. ಗಾಳಿಯು ಅಡಿಯಿಂದ ಆಡಲಿ, ಗೆದ್ದಲು ಹತ್ತದಿರಲಿ ಎಂದು ಅವುಗಳನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿರುತ್ತಾರೆ. ಸೆಕೆಗೆ ಮೈಯೊಡ್ಡಿ ಕೂರಲು ಅಗಲವಾದ ಜಗಲಿಯಿರುತ್ತದೆ. ಹೀಲರರ ಮನೆಯು ಆ ಜಾತಿಯದು, ಗುಡ್ಡದ ಮೇಲೆ ನಿಂತದ್ದು. ಮೂರು ಶ್ರೇಣಿಗಳ ಸುಮಾರು 150 ಕಂತುಗಳಲ್ಲಿ ಮಕ್ಕಳು ಆ ಮನೆಯ ಕೋಣೆ, ಮೆಟ್ಟಿಲು, ಹಿತ್ತಿಲುಗಳನ್ನು ತಮ್ಮ ಮನೆಯಷ್ಟೇ ಚೆನ್ನಾಗಿ ತಿಳಿದುಕೊಂಡಿದ್ದರು. ಆದಕಾರಣ ಆ ಫಲಕವು ಹೀಲರರ ಅಂಗಳದಲ್ಲಿ ಮಾತ್ರವಲ್ಲ, ನೋಡುವ ಮಗುವಿನ ಅಂಗಳದಲ್ಲಿಯೂ ನೆಟ್ಟಂತಾಯಿತು. ಆ ದಿನಗಳಲ್ಲಿ ಸರಣಿಯೇ ಮುಗಿಯಿತೋ ಏನೋ ಎಂಬ ಗುಲ್ಲು ಎದ್ದದ್ದು ಆಶ್ಚರ್ಯವಲ್ಲ.

ಕಥೆಯು ಇಷ್ಟು. ತಂದೆಗೆ ಬೇರೆ ನಗರದಲ್ಲಿ ಹೆಚ್ಚು ಸಂಬಳದ ಉದ್ಯೋಗ ದೊರೆತಿದೆ. ಮನೆಯನ್ನು ಕುರಿಕಾಯುವ ಜಾತಿಯ ನಾಯಿ ದಂಪತಿಗಳು ಕೊಂಡುಕೊಳ್ಳಲು ಒಪ್ಪಿದ್ದಾರೆ. ಬ್ಲೂಯಿಗೆ ಇದು ಸಹಿಸದು. ಬಿಂಗೊ ಮಾತ್ರ ಸಂತೋಷದಿಂದಲೇ ಇದ್ದಾಳೆ, ಏತಕ್ಕೆಂದರೆ ಮನೆಯನ್ನು ಮಾರುವದೆಂದರೆ ಅದನ್ನು ಬಿಟ್ಟುಹೋಗುವದು ಎಂಬ ಅರ್ಥವೇ ಆ ಎಳೆಯ ಮನಸ್ಸಿಗೆ ಹೊಳೆದಿರಲಿಲ್ಲ. ಈ ಒಂದು ಅಂಶಕ್ಕಾಗಿಯೇ ಕರ್ತೃವಿಗೆ ನಾವು ತಲೆಬಾಗುತ್ತೇವೆ. ದೊಡ್ಡವರು ಒಂದು ಸುದ್ದಿಯನ್ನು ಮಕ್ಕಳಿಗೆ ‘ತಿಳಿಸಿದ್ದೇವೆ’ ಎಂದುಕೊಂಡಿರುತ್ತಾರೆ. ಮಗುವಿನ ಕಿವಿಯು ಶಬ್ದವನ್ನು ಕೇಳಿರುತ್ತದೆ, ಮನಸ್ಸು ಅದನ್ನು ಒಳಕ್ಕೆ ಬಿಟ್ಟಿರುವದಿಲ್ಲ. ವರ್ಗದ ಆಜ್ಞೆ ಬಂದ ಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂದೆಯು ರೈಲ್ವೆಯಲ್ಲಿಯೋ ಬ್ಯಾಂಕಿನಲ್ಲಿಯೋ ಇದ್ದ ಹುಡುಗಿಯು, ಹೊಸ ಊರು, ಹೊಸ ಮನೆ ಎಂದು ಗೆಳತಿಯರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿ, ಶಾಲೆಯ ಕಚೇರಿಯಲ್ಲಿ ವರ್ಗಾವಣೆಯ ಪತ್ರಕ್ಕೆ ತಂದೆಯು ರುಜು ಹಾಕುವದನ್ನು ಕಂಡ ಘಳಿಗೆಯಲ್ಲಿ ಹಠಾತ್ತನೆ ಅಳತೊಡಗುವದುಂಟು.

ಈ ಕಂತಿನ ಎರಡನೆಯ ಗುಣವು ನಮ್ಮ ಮನಸ್ಸಿಗೆ ಇನ್ನೂ ಹೆಚ್ಚಾಗಿ ಹಿಡಿಸಿತು. ಇದರಲ್ಲಿ ಕೆಟ್ಟವರಿಲ್ಲ. ಮಕ್ಕಳ ಕಥೆಯಲ್ಲಿ ಮನೆ ತಪ್ಪಿಸುವವನು ಒಬ್ಬ ದುಷ್ಟನಾಗಿರುವದು ವಾಡಿಕೆ: ಮಲತಾಯಿ, ಸಾಲಗಾರ, ರಾಕ್ಷಸ. ಇಲ್ಲಿ ಮನೆಯನ್ನು ತಪ್ಪಿಸುವವನು ಮಕ್ಕಳನ್ನು ಬಹಳವಾಗಿ ಪ್ರೀತಿಸುವ ತಂದೆಯೇ. ಅವರ ಹಿತಕ್ಕಾಗಿಯೇ ಅವನು ಹಾಗೆ ಮಾಡುತ್ತಾನೆ. ಕೊಳ್ಳುವ ದಂಪತಿಗಳೂ ಸಾಧುಗಳು. ಯಾರ ಮೇಲೂ ಸಿಟ್ಟು ಮಾಡಲಾಗದ ದುಃಖವೇ ದುಃಖಗಳಲ್ಲಿ ಕಠಿಣವಾದದ್ದೆಂಬದನ್ನು ದೊಡ್ಡವರು ಬಲ್ಲರು. ಐದಾರು ವರ್ಷದ ಮಗುವಿಗೆ ಅದನ್ನು ಮನಗಾಣಿಸುವದಕ್ಕೆ ಧೈರ್ಯ ಬೇಕು. ಅದಲ್ಲದೆ ತಾಯಿಯಾದ ಚಿಲ್ಲಿಯು, ಮನೆಯನ್ನು ಬಿಡುವದು ತನಗೂ ಇಷ್ಟವಿಲ್ಲವೆಂಬದನ್ನು ಮಕ್ಕಳಿಂದ ಕೊನೆಯ ತನಕ ಮುಚ್ಚಿಡುವದಿಲ್ಲ. ಗಂಡನನ್ನು ಬಿಟ್ಟುಕೊಡುವದೂ ಇಲ್ಲ. ಅಪ್ಪನು ನಮ್ಮೆಲ್ಲರ ಒಳ್ಳೆಯದಕ್ಕಾಗಿ ಪ್ರಯತ್ನಿಸುತ್ತಿದ್ದಾನೆ, ನನ್ನ ಮನಸ್ಸಿಗೆ ಮಾತ್ರ ನೋವಾಗುತ್ತಿದೆ ಎಂಬ ಎರಡು ಸತ್ಯಗಳನ್ನು ಒಂದೇ ಉಸಿರಿನಲ್ಲಿ ಹೇಳುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ? ಸುಮ್ಮನಿರು, ಅಲ್ಲಿ ಇನ್ನೂ ಚೆನ್ನಾಗಿದೆ ಎಂದು ಗದರಿಸಿ ಪೆಟ್ಟಿಗೆ ಕಟ್ಟುವವರೇ ಹೆಚ್ಚು.

ಇನ್ನು ಶಾಲೆಯ ಪ್ರಸಂಗ. ಬ್ಲೂಯಿಯ ದುಃಖವನ್ನು ಕಂಡ ಉಪಾಧ್ಯಾಯಿನಿ ಕ್ಯಾಲಿಪ್ಸೊ ತರಗತಿಗೆ ಒಬ್ಬ ರೈತನ ಕಥೆಯನ್ನು ಓದಿ ಹೇಳುತ್ತಾಳೆ. ರೈತನ ಕುದುರೆ ಓಡಿಹೋಯಿತು. ಅಯ್ಯೋ ಎಂಥ ದುರದೃಷ್ಟ ಎಂದರು ನೆರೆಹೊರೆಯವರು. ನೋಡೋಣ ಎಂದನು ರೈತ. ಕುದುರೆಯು ಕಾಡುಕುದುರೆಗಳನ್ನು ಕೂಡಿಸಿಕೊಂಡು ಹಿಂದಿರುಗಿತು. ಎಂಥ ಅದೃಷ್ಟ ಎಂದರು. ನೋಡೋಣ ಎಂದನು ರೈತ. ಮಗನು ಬಿದ್ದು ಕಾಲು ಮುರಿದುಕೊಂಡಾಗಲೂ ಅದೇ ಮಾತು. ಈ ಕಥೆಯ ಮೂಲವು ಚೀನ ದೇಶದ್ದು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಸಂಕಲಿತವಾದ ‘ಹುವಾಯ್‌ನಾನ್‌ಜಿ’ ಎಂಬ ಗ್ರಂಥದಲ್ಲಿ ಗಡಿನಾಡಿನ ಮುದುಕನೊಬ್ಬನ ವೃತ್ತಾಂತವಾಗಿ ಅದು ಬರುತ್ತದೆ. ಅಲ್ಲಿ ಯುದ್ಧವು ಬಂದು ಊರಿನ ಯುವಕರಲ್ಲಿ ಬಹುಮಂದಿ ಸತ್ತಾಗ, ಕುಂಟನಾದ ಕಾರಣ ಆ ಮಗನೊಬ್ಬನು ಉಳಿಯುತ್ತಾನೆ. ಎರಡು ಸಾವಿರ ವರ್ಷಗಳ ಮುದುಕನನ್ನು ಕರೆತಂದು ಬ್ರಿಸ್ಬೇನಿನ ಎಳೆಯರ ತರಗತಿಯಲ್ಲಿ ಕೂರಿಸಿದ್ದು ಸುಂದರವಾದ ಕೆಲಸ. ಉಪಾಧ್ಯಾಯಿನಿಯರ ಶಾಲೆಯೊಂದರ ಸಂಚಿಕೆಯಲ್ಲಿ ಬರೆಯುತ್ತಿರುವ ನಾವು ಇದನ್ನು ಹೊಗಳದಿದ್ದರೆ ತಪ್ಪಾದೀತು: ಮಗುವಿಗೆ ಸಮಾಧಾನ ಹೇಳುವ ಬದಲು ಆಕೆಯು ಇಡೀ ತರಗತಿಗೆ ಒಂದು ಕಥೆಯನ್ನು ಹೇಳಿದಳು, ಯಾರ ದುಃಖವನ್ನೂ ಬೆರಳಿಟ್ಟು ತೋರಿಸಲಿಲ್ಲ.

ಆದರೆ ಇಲ್ಲಿ ನಮ್ಮ ಭಾಷೆಯ ಮನೆಗಳಿಗೆ ಒಂದು ವಿಶೇಷ ತೊಡಕುಂಟು. ‘ನೋಡೋಣ’ ಎಂಬ ಮಾತು ಕನ್ನಡದ ಮಕ್ಕಳಿಗೆ ಬಹಳ ಪರಿಚಿತವಾದದ್ದು. ಸರ್ಕಸ್ಸಿಗೆ ಹೋಗೋಣವೇ ಎಂದರೆ, ನೋಡೋಣ. ಸೈಕಲು ಕೊಡಿಸುವಿರಾ ಎಂದರೆ, ನೋಡೋಣ. ಹಾಗೆಂದರೆ ‘ಇಲ್ಲ’ ಎಂದೇ ಅರ್ಥವೆಂಬದನ್ನು ಮಗುವು ನಾಲ್ಕು ವರ್ಷ ತುಂಬುವದರೊಳಗೆ ಕಲಿತಿರುತ್ತದೆ. ಚೀನದ ಮುದುಕನ ‘ನೋಡೋಣ’ ಅಂಥದಲ್ಲ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಬರುವದನ್ನು ಕಣ್ಣು ತೆರೆದು ಕಾಯುವದು. ಬ್ಲೂಯಿಯು ಮೂರನೆಯದೊಂದು ಅರ್ಥವನ್ನು ಮಾಡಿಕೊಳ್ಳುತ್ತಾಳೆ: ಕೊನೆಗೆ ಎಲ್ಲವೂ ತಾನು ಬಯಸಿದಂತೆಯೇ ಆಗುವದು ಎಂದು. ಮಗುವು ಉಪದೇಶವನ್ನು ತನ್ನ ಆಸೆಯ ಅಚ್ಚಿಗೆ ಹೊಯ್ದುಕೊಳ್ಳುವ ರೀತಿಯನ್ನು ಇಷ್ಟು ನಿಜವಾಗಿ ತೋರಿಸಿದ ಚಿತ್ರವನ್ನು ನಾವು ಹೆಚ್ಚು ಕಂಡಿಲ್ಲ. ಈ ಅಪಾರ್ಥವನ್ನು ಕಥೆಯು ತಿದ್ದುವದೋ ಇಲ್ಲವೋ ಎಂಬದೇ ಮುಂದಿನ ಪ್ರಶ್ನೆ. ನಮ್ಮ ಆಕ್ಷೇಪವೂ ಅಲ್ಲಿಯೇ ಇರುವದು.

ನಡುವೆ ಒಂದು ಮದುವೆಯ ಗದ್ದಲವುಂಟು. ಬ್ಯಾಂಡಿಟನ ಅಣ್ಣನಾದ ರ‍್ಯಾಡನಿಗೂ ಬ್ಲೂಯಿಯ ಧರ್ಮಮಾತೆಯಾದ ಫ್ರಿಸ್ಕಿಗೂ ಅದೇ ಮನೆಯ ಹಿತ್ತಿಲಲ್ಲಿ ವಿವಾಹ ನಿಶ್ಚಯವಾಗಿದೆ. ಮದುವೆಯಾದ ಮೇಲೆ ಪಶ್ಚಿಮದ ಕಡೆಗೆ ಹೋಗಿ ನೆಲಸಬೇಕೆಂದು ವರನ ಮನಸ್ಸಿನಲ್ಲಿರುವದು ತಿಳಿದೊಡನೆ ವಧುವು ಕಾರು ಹತ್ತಿ ಹೊರಟುಹೋಗುತ್ತಾಳೆ. ಚಿಲ್ಲಿಯು ಮಕ್ಕಳನ್ನು ಕಟ್ಟಿಕೊಂಡು ಅವಳನ್ನು ಹುಡುಕುತ್ತಾಳೆ. ಗುಡ್ಡದ ಮೇಲಿನ ನೋಟದ ಕಟ್ಟೆಯಲ್ಲಿ ಅವಳು ಸಿಗುತ್ತಾಳೆ. ಮನಸ್ತಾಪ ತೀರಿ ಮದುವೆ ನಡೆಯುತ್ತದೆ. ಬೆನ್ನಟ್ಟುವ ಭಾಗದಲ್ಲಿ ನಗೆಯು ಧಾರಾಳವಾಗಿದೆ. ಬ್ಲೂಯಿಯ ಚಿಕ್ಕಪ್ಪನ ಮಗಳು ಮಫಿನ್ ಎಂಬ ಹಟಮಾರಿ ಇರುವಲ್ಲಿ ನಗೆಗೆ ಬರವಿಲ್ಲ. ಅದರ ವಿವರಕ್ಕೆ ನಾವು ಹೋಗುವದಿಲ್ಲ.

ಆದರೆ ಹೆಣ್ಣುಮಕ್ಕಳ ಶಾಲೆಯ ಪರವಾಗಿ ಒಂದು ಮಾತನ್ನು ಇಲ್ಲಿ ಕೇಳದೆ ಇರಲಾರೆವು. ಗಂಡನ ಉದ್ಯೋಗವು ಕರೆದಲ್ಲಿಗೆ ಹೆಂಡತಿಯು ಹೋಗಬೇಕೇ ಎಂಬ ಪ್ರಶ್ನೆಯನ್ನು ಈ ಕಂತು ಎರಡು ಸಲ ಎತ್ತುತ್ತದೆ: ಒಮ್ಮೆ ಫ್ರಿಸ್ಕಿಯಲ್ಲಿ, ಒಮ್ಮೆ ಚಿಲ್ಲಿಯಲ್ಲಿ. ಫ್ರಿಸ್ಕಿ ಓಡಿಹೋಗಿ ಉತ್ತರ ಕೊಟ್ಟಳು. ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ, ಓಡಬಹುದಾಗಿತ್ತು. ಎರಡು ಮಕ್ಕಳ ತಾಯಿಯಾದ ಚಿಲ್ಲಿಗೆ ಅದು ಸಾಧ್ಯವಿಲ್ಲ. ಆಕೆಗೂ ವಿಮಾನನಿಲ್ದಾಣದ ಭದ್ರತೆಯಲ್ಲಿ ಉದ್ಯೋಗವಿರುವದನ್ನು ಸರಣಿಯ ಹಳೆಯ ನೋಟಕರು ಬಲ್ಲರು. ಆದರೂ ಹೋಗುವದೋ ಇರುವದೋ ಎಂಬ ತಕ್ಕಡಿಯಲ್ಲಿ ಅವಳ ಉದ್ಯೋಗಕ್ಕೆ ಹೇಳಿಕೊಳ್ಳುವಷ್ಟು ತೂಕವನ್ನು ಕಥೆಯು ಕೊಡುವದಿಲ್ಲ. ಅವಳು ತನ್ನ ಮನಸ್ಸನ್ನು ಮಕ್ಕಳ ಮುಂದೆ ತೆರೆದಳು, ಸಂತೋಷ. ಗಂಡಹೆಂಡಿರು ಎದುರುಬದುರು ಕುಳಿತು ಈ ವಿಷಯವನ್ನು ತೂಗಿದ ಪ್ರಸಂಗವು ಇಪ್ಪತ್ತೆಂಟು ನಿಮಿಷಗಳಲ್ಲಿ ಎರಡು ನಿಮಿಷವಾದರೂ ಇರಬೇಕಾಗಿತ್ತು. ಮದುವೆಯ ಕಥೆಗೆ ಸಿಕ್ಕ ಸ್ಥಳದಲ್ಲಿ ಸ್ವಲ್ಪವನ್ನು ಕಿತ್ತು ಇದಕ್ಕೆ ಕೊಟ್ಟಿದ್ದರೆ ಕಂತಿಗೆ ಏನೂ ನಷ್ಟವಾಗುತ್ತಿರಲಿಲ್ಲ. ಈ ಶಾಲೆಯಿಂದ ಹೊರಟು, ಓದಿ, ಕೆಲಸಕ್ಕೆ ಸೇರಿ, ಗಂಡನ ವರ್ಗದ ಕಾಗದ ಬಂದ ದಿನ ತನ್ನ ರಾಜೀನಾಮೆಯನ್ನು ಬರೆದ ಹಳೆಯ ವಿದ್ಯಾರ್ಥಿನಿಯರಿಗೆ ಈ ಕೊರತೆಯು ಕಾರ್ಟೂನಿನ ಕೊರತೆಯಾಗಿ ಮಾತ್ರ ತೋರಲಾರದು.

ಈಗ ಕೊನೆಯ ಭಾಗ. ಮನೆ ಬರಿದಾಗಿದೆ, ಸಾಮಾನು ಹೇರಿಯಾಗಿದೆ, ನೆರೆಹೊರೆಯವರನ್ನು ಬೀಳ್ಕೊಂಡದ್ದಾಗಿದೆ. ಅತ್ತ, ಆ ಗುಡ್ಡದ ಕಟ್ಟೆಯಲ್ಲಿ ಕಾಸು ಹಾಕಿದರೆ ದೂರದ ನೋಟ ತೋರಿಸುವ ದುರ್ಬೀನೊಂದಿದೆ. ಬಿಂಗೊ ಹಾಕಿದ ಕಾಸು ಅದರಲ್ಲಿ ಸಿಕ್ಕಿಕೊಂಡಿತ್ತು. ಮನೆಯನ್ನು ಕೊಂಡ ದಂಪತಿಗಳು ಅಲ್ಲಿಗೆ ಬಂದು ಅದೇ ದುರ್ಬೀನಿನಲ್ಲಿ ನೋಡಲು, ಈಜುಕೊಳವುಳ್ಳ ಬೇರೊಂದು ಮನೆಯು ಮಾರಾಟಕ್ಕಿರುವದು ಅವರ ಕಣ್ಣಿಗೆ ಬೀಳುತ್ತದೆ. ಅವರು ಹೀಲರರ ಮನೆಯನ್ನು ಬೇಡವೆನ್ನುತ್ತಾರೆ. ಬ್ಯಾಂಡಿಟನಿಗೆ ದೂರವಾಣಿಯ ಕರೆ ಬರುತ್ತದೆ. ಅವನು ನಿಂತು ಒಂದು ಕ್ಷಣ ಯೋಚಿಸಿ, ಮಾತಿಲ್ಲದೆ ಫಲಕವನ್ನು ನೆಲದಿಂದ ಕಿತ್ತೆಸೆಯುತ್ತಾನೆ. ಚಿಲ್ಲಿ ಓಡಿಬಂದು ಅವನನ್ನು ಅಪ್ಪಿಕೊಳ್ಳುತ್ತಾಳೆ. ನಾಲ್ವರೂ ಬರಿದಾದ ಕೋಣೆಯ ನೆಲದ ಮೇಲೆ ಕುಳಿತು ಊಟ ಮಾಡುತ್ತಾರೆ. ಈ ನಿಮಿಷಗಳಲ್ಲಿ ಮಾತು ಅಪರೂಪ, ಹಾಡೊಂದು ಮೇಲೇರುತ್ತದೆ. ನೋಡುತ್ತಿರುವಾಗ ಕಣ್ಣು ಒದ್ದೆಯಾಗದಿರುವದು ಕಷ್ಟ. ನಮ್ಮ ಕಣ್ಣೂ ಒದ್ದೆಯಾಯಿತು. ಕಣ್ಣೊರೆಸಿಕೊಂಡ ಮೇಲೆ ವಿಚಾರವು ಹುಟ್ಟಿತು.

ನಮ್ಮ ನಾಡಿನ ಪ್ರತಿಯೊಂದು ಮಗುವಿಗೂ ಗೊತ್ತಿರುವ ಗೋವಿನ ಹಾಡನ್ನು ವಾಚಕರು ಇಲ್ಲಿ ನೆನೆಯಬೇಕು. ಅದರಲ್ಲಿಯೂ ತಾಯಿಯು ಮಗುವನ್ನು ಬಿಟ್ಟುಹೋಗುವ ಸಂಕಟವಿದೆ. ಅದರಲ್ಲಿಯೂ ಕೊನೆಯ ಘಳಿಗೆಯಲ್ಲಿ ಬಿಡುಗಡೆಯಿದೆ. ಆದರೆ ಪುಣ್ಯಕೋಟಿಯು ಕರುವನ್ನು ಒಡಹುಟ್ಟಿದವರಂಥ ಹಸುಗಳ ಕೈಗೊಪ್ಪಿಸಿ, ಹಾಲುಣಿಸಿ, ಹೊರಟು, ನಡೆದು, ಹುಲಿಯ ಗವಿಯ ಬಾಗಿಲಿಗೆ ಬಂದು ನಿಂತ ಮೇಲೆ ಆ ಬಿಡುಗಡೆ ದೊರೆಯಿತು. ಅವಳ ನಡತೆಯೇ ಹುಲಿಯ ಮನಸ್ಸನ್ನು ತಿರುಗಿಸಿತು. ಅಷ್ಟೇ ಅಲ್ಲ, ಆ ಬಿಡುಗಡೆಗೆ ಬೆಲೆಯೂ ಇತ್ತು. ಹುಲಿಯು ಪ್ರಾಣವನ್ನೇ ಬಿಟ್ಟಿತು. ಕೇಳಿದ ಮಗುವು ಹಸುವಿಗಾಗಿ ಸಂತೋಷಪಟ್ಟು ಹುಲಿಗಾಗಿ ಅಳುತ್ತದೆ. ‘ಫಲಕ’ದಲ್ಲಿ ಬಿಡುಗಡೆಯನ್ನು ತಂದದ್ದು ಯಾರ ನಡತೆ? ದುರ್ಬೀನಿನ ಕಾಸು. ತಂದೆಯು ಫಲಕವನ್ನು ಕಿತ್ತದ್ದು ಅವನ ಸ್ವಂತ ನಿರ್ಧಾರವೆಂದು ಹೇಳುವವರಿದ್ದಾರೆ. ಇರಬಹುದು, ಬೇರೆ ಗಿರಾಕಿಯನ್ನು ಹುಡುಕಬಹುದಾಗಿತ್ತು, ಅವನು ಹುಡುಕಲಿಲ್ಲ. ಆದರೆ ಅವನೊಳಗೆ ನಡೆದ ತೂಗಾಟವು ನಮಗೆ ಕಾಣದಷ್ಟು ಬೇಗ ಮುಗಿದುಹೋಗುತ್ತದೆ. ಹೆಚ್ಚಿನ ಸಂಬಳವೇಕೆ ಬೇಕಾಗಿತ್ತು, ಅದನ್ನು ಬಿಟ್ಟುಕೊಟ್ಟರೆ ಮನೆಯು ಏನನ್ನು ಕಳೆದುಕೊಳ್ಳುವದು ಎಂಬ ಮಾತೇ ಏಳುವದಿಲ್ಲ. ಇಲ್ಲಿ ಯಾವ ಹುಲಿಯೂ ಸಾಯುವದಿಲ್ಲ.

ಇದಕ್ಕೆ ಕರ್ತೃವು ಮುಂಚಿತವಾಗಿಯೇ ಒಂದು ಉತ್ತರವನ್ನು ಕಥೆಯೊಳಗೆ ಇಟ್ಟಿದ್ದಾನೆ. ಅದನ್ನು ಮರೆಮಾಚುವದು ನಮಗೆ ನ್ಯಾಯವಲ್ಲ. ಕಥೆಗಳೆಲ್ಲ ಏತಕ್ಕೆ ಸುಖವಾಗಿಯೇ ಮುಗಿಯುತ್ತವೆ ಎಂದು ಬ್ಲೂಯಿಯು ಉಪಾಧ್ಯಾಯಿನಿಯನ್ನು ಕೇಳುತ್ತಾಳೆ. ದುಃಖದ ಮುಕ್ತಾಯಗಳನ್ನು ಜೀವನವೇ ಬೇಕಾದಷ್ಟು ಕೊಡುವದರಿಂದ ಇರಬಹುದು ಎಂಬರ್ಥದ ಉತ್ತರವು ಬರುತ್ತದೆ. ಇದು ಹಗುರವಾದ ಉತ್ತರವಲ್ಲ. ದಿನವೆಲ್ಲ ದುಡಿದು ದಣಿದ ತಾಯಿಯೊಬ್ಬಳು, ಮಗುವಿಗೆ ಇಪ್ಪತ್ತೆಂಟು ನಿಮಿಷ ಸುಖವಾದ ಕಥೆಯನ್ನು ಕೊಟ್ಟರೆ ನಿಮ್ಮ ಗಂಟೇನು ಹೋಯಿತು ಎಂದು ನಮ್ಮನ್ನು ಕೇಳಿದರೆ ನಾವು ನಿರುತ್ತರರಾಗುವೆವು. ಸುಖಾಂತವನ್ನು ನಾವು ಆಕ್ಷೇಪಿಸುವದಿಲ್ಲ. ಚೀನದ ಮುದುಕನನ್ನು ಕರೆತಂದು, ಅವನ ಮಾತನ್ನು ಅರ್ಧಕ್ಕೆ ಕೇಳಿದ್ದನ್ನು ಆಕ್ಷೇಪಿಸುತ್ತೇವೆ. ಕುದುರೆ ಹೋದಾಗ ಮಾತ್ರವಲ್ಲ, ಕುದುರೆಗಳ ಹಿಂಡೇ ಬಂದಾಗಲೂ ಅವನು ‘ನೋಡೋಣ’ ಎಂದನು. ಆ ಕಥೆಯ ಬಿಗುವೆಲ್ಲ ಈ ಎರಡನೆಯ ‘ನೋಡೋಣ’ದಲ್ಲಿದೆ. ಕಂತಿನ ಕೊನೆಯಲ್ಲಿ ಫಲಕ ಕಿತ್ತ ಹರ್ಷದ ಹೊಳೆಯಲ್ಲಿ ಆ ಮಾತು ಕೊಚ್ಚಿಹೋಗುತ್ತದೆ. ಬ್ಲೂಯಿಯ ಅಪಾರ್ಥವೇ ಅರ್ಥವಾಗಿ ನಿಲ್ಲುತ್ತದೆ: ಕಾದರೆ ಬೇಕಾದದ್ದು ಸಿಕ್ಕಿಯೇ ಸಿಗುವದು ಎಂದು.

ಇದರ ಜತೆಗೆ ಇನ್ನೊಂದು ಅತಿಯೂ ಇದೆ. ಮದುವೆ ಕೂಡಿತು. ಒಂಟಿಯಾಗಿದ್ದ ವಿಂಟನ್ ಎಂಬ ಹುಡುಗನ ತಂದೆಗೆ, ಮೂವರು ಗಂಡುಮಕ್ಕಳ ತಾಯಿಯೊಬ್ಬಳ ಜತೆಯು ದೊರೆತು, ಅವನ ಈಜುಕೊಳದ ಮನೆಯೇ ಮಾರಾಟಕ್ಕೆ ಬಂತು. ಚಿಲ್ಲಿಯ ಅಕ್ಕನಾದ ಬ್ರ್ಯಾಂಡಿಯು ಗರ್ಭಿಣಿಯಾಗಿ ಮದುವೆಗೆ ಬಂದಿದ್ದಾಳೆ. ಎಲ್ಲ ದಾರಗಳೂ ಒಂದೇ ಮಧ್ಯಾಹ್ನದಲ್ಲಿ ಗಂಟಾದವು. ಬ್ರ್ಯಾಂಡಿಯ ವಿಷಯವನ್ನು ಮಾತ್ರ ನಾವು ಇತರ ಸಂಗತಿಗಳೊಂದಿಗೆ ಸೇರಿಸಿ ತೆಗೆದುಹಾಕಲಾರೆವು. ಹಿಂದಿನ ಒಂದು ಕಂತಿನಲ್ಲಿ, ಅವಳು ಬಹಳವಾಗಿ ಬಯಸಿದ್ದು ಅವಳಿಗೆ ದೊರೆಯಲಾರದೆಂಬದನ್ನು ಚಿಲ್ಲಿಯು ಬ್ಲೂಯಿಗೆ ಬಹು ಸೂಕ್ಷ್ಮವಾಗಿ ತಿಳಿಸಿದ್ದಳು. ಮಕ್ಕಳಿಲ್ಲದ ಹೆಂಗಸಿನ ದುಃಖವನ್ನು ಹಂಗಿಸದೆ, ಮರುಗುವ ನೆವದಲ್ಲಿ ಚುಚ್ಚದೆ, ಮಕ್ಕಳ ಕಾರ್ಟೂನು ಹೇಳಬಲ್ಲದೆಂಬದು ಅಂದು ನಮ್ಮನ್ನು ಬೆರಗುಗೊಳಿಸಿತ್ತು. ಈಗಲೂ ಅವಳ ಬಸಿರಿನ ಬಗ್ಗೆ ಯಾರೂ ಭಾಷಣ ಮಾಡುವದಿಲ್ಲ. ಕಂಡವರು ಕಂಡುಕೊಳ್ಳಲಿ ಎಂದು ಬಿಟ್ಟಿದ್ದಾರೆ. ಆ ಸಂಯಮವು ಶ್ಲಾಘ್ಯ. ಆದರೆ ಮಡಿಲು ತುಂಬದೆಯೇ ಬಾಳುತ್ತಿರುವ ಸಹೋದರಿಯರು ನಮ್ಮ ನಡುವೆ ಇದ್ದಾರೆ. ತಮ್ಮ ಪಾಲಿಗೆ ಇದ್ದ ಒಬ್ಬ ಗೆಳತಿಯನ್ನೂ ಪರದೆಯವರು ಕರೆದುಕೊಂಡುಹೋದರಲ್ಲ ಎಂದು ಅವರಿಗೆ ತೋರಿದರೆ ಅವರನ್ನು ತಪ್ಪೆನ್ನಲಾಗದು.

ಇದೇ ಸರಣಿಯವರು ಅಗಲಿಕೆಯನ್ನು ಇನ್ನೂ ಚೆನ್ನಾಗಿ ಹೇಳಬಲ್ಲರೆಂಬದಕ್ಕೆ ಮೊದಲನೆಯ ಶ್ರೇಣಿಯ ‘ಕ್ಯಾಂಪಿಂಗ್’ ಎಂಬ ಕಂತು ಸಾಕ್ಷಿ. ಕುಟುಂಬವು ಗುಡಾರ ಹಾಕಿಕೊಂಡು ರಜೆ ಕಳೆಯುವಲ್ಲಿ ಬ್ಲೂಯಿಗೆ ಫ್ರೆಂಚ್ ಮಾತ್ರ ಬಲ್ಲ ಜಾನ್‌ಲೂಕ್ ಎಂಬ ಹುಡುಗನ ಪರಿಚಯವಾಗುತ್ತದೆ. ಇವಳಿಗೆ ಅವನ ಭಾಷೆ ಬಾರದು, ಅವನಿಗೆ ಇವಳದು ಬಾರದು. ಆದರೂ ಇಬ್ಬರೂ ಕೂಡಿ ಆಡುತ್ತಾರೆ, ಒಂದು ಬೀಜವನ್ನು ನೆಡುತ್ತಾರೆ. ಒಂದು ಬೆಳಿಗ್ಗೆ ಅವನ ಗುಡಾರವಿದ್ದ ಸ್ಥಳವು ಬಯಲಾಗಿರುತ್ತದೆ. ಕೆಲವರು ನಮ್ಮ ಬಾಳಿನಲ್ಲಿ ಸ್ವಲ್ಪ ಕಾಲವಷ್ಟೇ ಇದ್ದು ಹೋಗುವರು ಎಂದು ತಾಯಿಯು ಹೇಳುತ್ತಾಳೆ. ದುಃಖವು ಅಲ್ಲಿ ದುಃಖವಾಗಿಯೇ ನಿಲ್ಲುತ್ತದೆ. ಕಟ್ಟಕಡೆಗೆ, ವರ್ಷಗಳು ಕಳೆದು, ಬೆಳೆದ ಹುಡುಗಿಯಾದ ಬ್ಲೂಯಿಯು ಆ ಬೀಜದಿಂದಾದ ಮರದ ಕೆಳಗೆ ಕುಳಿತಿರುವಾಗ ಹುಡುಗನು ಹಿಂದಿರುಗಿ ಬರುವನು, ಈಗ ಅವಳ ಭಾಷೆಯನ್ನು ಕಲಿತು. ಇದೂ ಸುಖಾಂತವೇ. ಆದರೆ ನಡುವೆ ಒಂದು ಮರ ಬೆಳೆಯುವಷ್ಟು ಕಾಲ ಸಂದಿದೆ. ಏಳು ನಿಮಿಷಗಳಲ್ಲಿ ಆದ ಈ ಕೆಲಸವು ಇಪ್ಪತ್ತೆಂಟು ನಿಮಿಷಗಳಲ್ಲಿ ಆಗಲಿಲ್ಲ.

ವಾಚಕರು ನಮ್ಮನ್ನು ಕಠಿಣರೆಂದು ಎಣಿಸಬಾರದು. ಮಕ್ಕಳಿಗಾಗಿ ತಯಾರಾಗುವ ಚಿತ್ರಗಳಲ್ಲಿ ಬಹುಪಾಲು ಕೂಗಾಟ, ಗುದ್ದಾಟ, ಗೊಂಬೆಗಳ ವ್ಯಾಪಾರ. ಅವುಗಳ ಗುಣದೋಷಗಳನ್ನು ತೂಗಲು ನಾವು ತಕ್ಕಡಿಯನ್ನು ಹೊರತೆಗೆಯುವದೇ ಇಲ್ಲ. ಈ ಕಂತಿನ ಮೊದಲ ಇಪ್ಪತ್ತು ನಿಮಿಷಗಳು ತಂದೆತಾಯಿಗಳನ್ನು ಮನುಷ್ಯರಾಗಿ, ಮಕ್ಕಳನ್ನು ಬುದ್ಧಿಯುಳ್ಳವರಾಗಿ ಕಂಡದ್ದರಿಂದಲೇ ಕೊನೆಯ ನಿಮಿಷಗಳ ಬಗ್ಗೆ ನಾವು ಇಷ್ಟು ಮಾತಾಡಬೇಕಾಯಿತು.

ಕೆಲಸದ ಮಾತು ಒಂದು ಉಳಿದಿದೆ. ಮನೆ ಬದಲಿಸುವ ಸಂಭವವಿಲ್ಲದ ಮಗುವಿಗೆ ಈ ಕಂತನ್ನು ನಿಶ್ಚಿಂತೆಯಿಂದ ತೋರಿಸಬಹುದು. ಅದಕ್ಕೆ ಆನಂದವಾಗುವದು, ನಿಮಗೂ ಆಗುವದು. ನಿಜವಾಗಿಯೂ ವರ್ಗದ ಕಾಗದ ಬಂದಿರುವ ಮನೆಯ ಮಾತು ಬೇರೆ. ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿಯ ಸೀಮೆಗೋ ಹೊರಡಲು ಸಾಮಾನು ಕಟ್ಟುತ್ತಿರುವ ಮನೆಯಲ್ಲಿ, ಮಗುವಿಗೆ ಧೈರ್ಯ ಬರಲೆಂದು ಇದನ್ನು ಹಾಕಿ ಕೂರಿಸಿದರೆ, ಮಗುವು ಮರುದಿನದಿಂದ ದೂರವಾಣಿಯ ಕರೆಗಾಗಿ ಕಾಯತೊಡಗುವದು. ಬಾಗಿಲಿಗೆ ಲಾರಿ ಬಂದು ನಿಂತಾಗಲೂ ಅಪ್ಪನ ಮುಖವನ್ನೇ ನೋಡುವದು. ಅಪ್ಪನು ಫಲಕವನ್ನು ಕೀಳುವದಿಲ್ಲ. ನಮ್ಮ ಕಡೆ ಬಾಡಿಗೆಯ ಮನೆಗಳ ಮುಂದೆ ಕೀಳುವದಕ್ಕೆ ಫಲಕವೇ ಇರುವದಿಲ್ಲ. ಆಗ ಆ ಮಗುವಿಗೆ ತೋರುವದೇನು? ಬ್ಲೂಯಿಯ ಅಪ್ಪನು ಬ್ಲೂಯಿಯನ್ನು ಹೆಚ್ಚು ಪ್ರೀತಿಸಿದನು ಎಂದು. ಇಂಥ ತುಲನೆಯನ್ನು ಯಾವ ತಂದೆಯೂ ತಡೆದುಕೊಳ್ಳಲಾರನು, ಯಾವ ತಂದೆಯೂ ಅದಕ್ಕೆ ಅರ್ಹನಲ್ಲ.

ಅಂಥ ಮನೆಯವರು ‘ಕ್ಯಾಂಪಿಂಗ್’ ಕಂತನ್ನು ಮೊದಲು ತೋರಿಸಲಿ. ‘ಫಲಕ’ವನ್ನೂ ಮಗುವು ಕೇಳಿಯೇ ಕೇಳುವದು, ಗೆಳತಿಯರೆಲ್ಲ ನೋಡಿರುತ್ತಾರೆ. ಆಗ ತಾಯಿಯೋ ತಂದೆಯೋ ಪಕ್ಕದಲ್ಲಿ ಕುಳಿತು, ಹೀಲರರ ಮನೆ ಬರಿದಾಗಿ ಎಲ್ಲರೂ ಹೊರಡುವ ಘಳಿಗೆಗೆ ಯಂತ್ರವನ್ನು ನಿಲ್ಲಿಸಿ, ಈ ಮನೆಯಲ್ಲಿ ನೀನು ಯಾವ ಮೂಲೆಗೆ ಹೋಗಿಬರುತ್ತೇನೆ ಎಂದು ಹೇಳಬೇಕೆಂದಿದ್ದೀ ಎಂದು ಕೇಳಲಿ. ಮಗುವು ಕೈಹಿಡಿದು ಕರೆದೊಯ್ದು ತೋರಿಸುವದು: ಬಾಗಿಲ ತೋಳಿನ ಮೇಲೆ ಎತ್ತರ ಅಳೆದ ಗೆರೆಗಳು, ಹಿತ್ತಿಲ ಪೇರಲೆಯ ಕವಲು, ನೆರೆಮನೆಯ ಗೋಡೆಯ ಬಿರುಕು. ಉಳಿದ ಭಾಗವನ್ನು ಆಮೇಲೆ ನೋಡಬಹುದು, ಮರುದಿನವಾದರೂ ಆದೀತು.